ಕೈ ಬಿಟ್ಟ ದುಡ್ಡು ಆಸ್ಪತ್ರೆ ತಲುಪಿತಾ?

ರಾಜ್ಯೋತ್ಸವ ಮುಗಿದು ಡಿಸೆಂಬರ್ ಹತ್ತಿರ ಬಂತೆಂದರೆ ಅಮೆರಿಕದ ಓದುಗರ ಪತ್ರ ಜಾಸ್ತಿಯಾಗುತ್ತವೆ. ಅಲ್ಲಿನ ತೆರಿಗೆ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ದಾನದ ನೆನಪು ಬರುವುದೂ ಆಗಲೇ. ಎಡಿಸನ್‌ನಲ್ಲಿ ನಾನು ಟ್ಯಾಕ್ಸ್ ರಿಟರ್ನ್ ಮಾಡಿಕೊಡುತ್ತಿದ್ದ ಕಾಲದಲ್ಲೂ ಹೀಗೇ ಇತ್ತು. ಕ್ರಿಸ್‌ಮಸ್ ರಜೆಯಲ್ಲಿ ಫೋನ್ ಮಾಡಿ, ‘ಅಕ್ಕ, ಇವತ್ತೇ ಏನಾದರೂ ಕೊಟ್ಟರೆ ಆಗುತ್ತಾ?’ ಅನ್ನುವವರು ಇದ್ದೇ ಇರುತ್ತಿದ್ದರು. ಈ ಸಲ ಪತ್ರಗಳು ನವೆಂಬರ್‌ನಲ್ಲೇ ಬಂದಿವೆ, ಸಂತೋಷ. ಎಲ್ಲವೂ ವೈದ್ಯಕೀಯ ಸೇವೆಗೆ ಕೊಡುವ ಬಗ್ಗೆಯೇ ಇರುವುದರಿಂದ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ.

ಅಕ್ಕ, ನಾವು ಗಂಡ ಹೆಂಡತಿ ಇಬ್ಬರೂ ಇಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ಹೋದ ವರ್ಷ ಅಪ್ಪ ತೀರಿಕೊಂಡರು. ಅವರ ಕಣ್ಣಿನ ಪೊರೆ ಆಪರೇಷನ್ ಶಿವಮೊಗ್ಗದ ಶಂಕರ ಕಣ್ಣಿನ ಆಸ್ಪತ್ರೆಯಲ್ಲಿ ಆಗಿತ್ತು. ಕೊನೆಯ ವಾರದವರೆಗೂ ಪೇಪರ್ ಓದುತ್ತಿದ್ದರು. ಅವರ ಹೆಸರಲ್ಲಿ ಏನಾದರೂ ಕೊಡಬೇಕು ಅಂತಿದ್ದೇವೆ. ನನ್ನ ಕಂಪನಿ ಕೊಟ್ಟ ಷೇರು ಕೈಗೆ ಬಂದಾಗ 20,000 ಡಾಲರ್ ಬಾಳುತ್ತಿತ್ತು, ಈಗ 60,000 ಆಗಿದೆ. ‘ಡೋನರ್ ಅಡ್ವೈಸ್ಡ್ ಫಂಡ್ ತೆಗೆ’ ಅಂತ ಸ್ನೇಹಿತರು ಹೇಳುತ್ತಾರೆ. ಅದು ಏನು? ದುಡ್ಡು ಅಪ್ಪನ ಆಸ್ಪತ್ರೆಗೇ ಹೋಗುತ್ತದಾ?
— ಹೆಸರು ಬೇಡ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಅಪ್ಪನ ನೆನಪಿಗೆ ಕಣ್ಣಿನ ಆಸ್ಪತ್ರೆಯನ್ನು ಆರಿಸಿಕೊಂಡಿದ್ದೀರಿ, ಒಳ್ಳೆಯದು. ಹರಕೆರೆಯ ಆ ಆಸ್ಪತ್ರೆಯನ್ನು ನಾನೂ ನೋಡಿದ್ದೇನೆ. ನಮ್ಮ ತೀರ್ಥಹಳ್ಳಿ ಬಸ್ಸು ಅದರ ಮುಂದೆಯೇ ಹೋಗುತ್ತದೆ.

ಮೊದಲು ನಿಮ್ಮ ಮೊದಲ ಪ್ರಶ್ನೆ. ಎಲ್ಲರೂ ಡ್ಯಾಫ್ ಅನ್ನುವ ಈ ಫಂಡ್, ಒಂದು ಚಾರಿಟಿಯ ಒಳಗೆ ನಿಮ್ಮ ಹೆಸರಲ್ಲಿರುವ ಖಾತೆ. ಫಿಡೆಲಿಟಿ ಚಾರಿಟಬಲ್, ವ್ಯಾನ್‌ಗಾರ್ಡ್ ಚಾರಿಟಬಲ್ ಇವುಗಳ ಹೆಸರು ಕೇಳಿರುತ್ತೀರಿ. ಹೆಸರು ಹೂಡಿಕೆ ಕಂಪನಿಯದ್ದಾದರೂ ಕಾನೂನಿನ ಲೆಕ್ಕದಲ್ಲಿ ಇವು ಬೇರೆಯೇ ಆದ ಧರ್ಮಾರ್ಥ ಸಂಸ್ಥೆಗಳು. ಐಡಿಯಾ ಹೊಸದಲ್ಲ. ನ್ಯೂಯಾರ್ಕ್ ಕಮ್ಯೂನಿಟಿ ಟ್ರಸ್ಟ್ 1931ರಲ್ಲೇ ಇಂಥದ್ದನ್ನು ಶುರು ಮಾಡಿತ್ತು. 1991ರಲ್ಲಿ ಫಿಡೆಲಿಟಿ ಇದಕ್ಕೆ ಕೈಹಾಕಿದ ಮೇಲೆ ಸಂಬಳದಾರರಿಗೂ ಸಿಗುವ ಹಾಗಾಯಿತು.

ಖಾತೆಗೆ ದುಡ್ಡನ್ನೋ ಷೇರನ್ನೋ ಹಾಕುತ್ತೀರಿ. ಹಾಕಿದ ಗಳಿಗೆಯಿಂದ ಅದು ನಿಮ್ಮದಲ್ಲ. ದೇವಸ್ಥಾನದ ಹುಂಡಿಗೆ ಹಾಕಿದ ಹಾಗೆ, ವಾಪಸ್ ತೆಗೆಯುವ ಮಾತೇ ಇಲ್ಲ. ಆದರೆ ಇಲ್ಲಿ ಒಂದು ಅನುಕೂಲ ಇದೆ. ‘ಇಂಥ ಸಂಸ್ಥೆಗೆ ಇಷ್ಟು ಕೊಡಿ’ ಎಂದು ನೀವು ಆಮೇಲೆ ಯಾವಾಗ ಬೇಕಾದರೂ ಸಲಹೆ ಮಾಡಬಹುದು. ಅದು ಬರೀ ಸಲಹೆ. ಕೊನೆಯ ತೀರ್ಮಾನ ಫಂಡ್ ನಡೆಸುವವರದು. ನೀವು ಹೇಳಿದ್ದು ಸರಿಯಾದ ಚಾರಿಟಿ ಆಗಿದ್ದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಅಲ್ಲಿಯವರೆಗೆ ದುಡ್ಡು ಹೂಡಿಕೆಯಲ್ಲಿರುತ್ತದೆ, ಬೆಳೆದರೆ ಅದಕ್ಕೆ ತೆರಿಗೆ ಇಲ್ಲ.

ಎರಡು ಹೆಜ್ಜೆ ಇದೆ, ಗಮನಿಸಿದಿರಾ? ನಿಮ್ಮ ಕೈಯಿಂದ ಫಂಡ್‌ಗೆ ಒಂದು, ಫಂಡ್‌ನಿಂದ ಆಸ್ಪತ್ರೆಗೆ ಇನ್ನೊಂದು. ತೆರಿಗೆ ಲಾಭ ಮೊದಲ ಹೆಜ್ಜೆಗೇ ಪೂರ್ತಿ ಸಿಕ್ಕಿಬಿಡುತ್ತದೆ. ರೋಗಿಗೆ ಲಾಭ ಆಗುವುದು ಎರಡನೆಯದರಲ್ಲಿ. ಇದನ್ನು ತಲೆಯಲ್ಲಿಟ್ಟುಕೊಳ್ಳಿ, ಮುಂದೆ ಮತ್ತೆ ಹೇಳುತ್ತೇನೆ.

ಈಗ ನಿಮ್ಮ ಷೇರಿನ ಲೆಕ್ಕ. ನಿಮ್ಮಿಬ್ಬರ ಆದಾಯ ವರ್ಷಕ್ಕೆ 4,00,000 ಡಾಲರ್ ಅಂದುಕೊಳ್ಳೋಣ. ಷೇರು ಮಾರಿ ದುಡ್ಡು ಕೊಡುತ್ತೀರಿ ಅಂದರೆ ಲಾಭ 40,000. ಅದರ ಮೇಲೆ ಫೆಡರಲ್ ಕ್ಯಾಪಿಟಲ್ ಗೇನ್ಸ್ ತೆರಿಗೆ ಶೇ. 15, ಅಂದರೆ 6,000. ನಿಮ್ಮಷ್ಟು ಆದಾಯ ಇರುವವರಿಗೆ ಅದೇ ಲಾಭದ ಮೇಲೆ ಇನ್ನೊಂದು ಶೇ. 3.8 ತೆರಿಗೆ ಸೇರುತ್ತದೆ, ಅದು 1,520. ಕ್ಯಾಲಿಫೋರ್ನಿಯಾ ಬಂಡವಾಳ ಲಾಭಕ್ಕೆ ರಿಯಾಯಿತಿ ಕೊಡುವ ಊರಲ್ಲ. ಅದು ಶೇ. 9.3ರ ಹಾಗೆ 3,720 ಕೇಳುತ್ತದೆ. ಒಟ್ಟು 11,240 ಸರ್ಕಾರಕ್ಕೆ, 48,760 ಆಸ್ಪತ್ರೆಗೆ. ಅದೇ ಷೇರನ್ನು ಮಾರದೆ ಹಾಗೇ ಫಂಡ್‌ಗೆ ವರ್ಗಾಯಿಸಿದರೆ ಈ ತೆರಿಗೆ ಯಾವುದೂ ಇಲ್ಲ. 60,000ವೂ ಒಳಗೆ ಹೋಗುತ್ತದೆ, ಡಿಡಕ್ಷನ್ (ತೆರಿಗೆ ಹಾಕುವ ಮೊದಲು ಆದಾಯದಿಂದ ಕಳೆಯುವ ಮೊತ್ತ) ಲೆಕ್ಕ ಹಾಕುವುದೂ 60,000ದ ಮೇಲೇ. ಷೇರು ನಿಮ್ಮ ಕೈಗೆ ಬಂದು ಒಂದು ವರ್ಷದ ಮೇಲೆ ಆಗಿರಬೇಕು, ಅಷ್ಟೇ. ಇಂಥ ಷೇರಿಗೆ ಆ ವರ್ಷದ ಆದಾಯದ ಶೇ. 30ರವರೆಗೆ ಡಿಡಕ್ಷನ್. ನಗದಾದರೆ ಶೇ. 60. ಮಿಕ್ಕಿದ್ದನ್ನು ಮುಂದಿನ 5 ವರ್ಷಕ್ಕೆ ತೆಗೆದುಕೊಂಡು ಹೋಗಬಹುದು. ನಿಮ್ಮ 60,000 ಮಿತಿಯೊಳಗೇ ಇದೆ.

2026ರಿಂದ ಒಂದು ಬದಲಾವಣೆ ಇದೆ. ದಾನದಲ್ಲಿ ಆದಾಯದ ಶೇ. 0.5ರಷ್ಟಕ್ಕೆ ಡಿಡಕ್ಷನ್ ಇಲ್ಲ. ನಿಮ್ಮ ಲೆಕ್ಕದಲ್ಲಿ ಮೊದಲ 2,000 ಡಾಲರ್ ಹೋಯಿತು. ಪ್ರತಿ ವರ್ಷ ಕೊಟ್ಟರೆ ಪ್ರತಿ ವರ್ಷವೂ ಹೋಗುತ್ತದೆ. ಹಾಗಾಗಿ ನಾಲ್ಕೈದು ವರ್ಷದ ದಾನವನ್ನು ಒಂದೇ ವರ್ಷ ಫಂಡ್‌ಗೆ ಹಾಕಿಡಿ ಎಂದು ಬಹಳ ಅಕೌಂಟೆಂಟರು ಹೇಳುತ್ತಾರೆ. ತಪ್ಪೇನಿಲ್ಲ.

ಆದರೆ ನಿಮಗೆ ಡ್ಯಾಫ್ ಬೇಕೇ ಬೇಕಾ? ಇದನ್ನು ನಿಮ್ಮ ಸ್ನೇಹಿತರು ಕೇಳಿರಲಿಕ್ಕಿಲ್ಲ. ಪೂರ್ತಿ 60,000ವನ್ನು ಒಂದೇ ಕಡೆ, ಈ ವರ್ಷವೇ ಕೊಡುವ ಮನಸ್ಸಿದ್ದರೆ ಮಧ್ಯದಲ್ಲಿ ಫಂಡ್ ಯಾಕೆ? ದೊಡ್ಡ ಚಾರಿಟಿಗಳು ಸಾಮಾನ್ಯವಾಗಿ ಷೇರನ್ನು ನೇರವಾಗಿಯೇ ತೆಗೆದುಕೊಳ್ಳುತ್ತವೆ. ತೆರಿಗೆ ಲಾಭ ಅಷ್ಟೇ, ಹೆಜ್ಜೆ ಒಂದೇ. ಫಂಡ್‌ನಿಂದ ಉಪಯೋಗ ಆಗುವುದು ನೀವು ಹಲವು ವರ್ಷ, ಹಲವು ಕಡೆ ಹಂಚುವುದಾದರೆ.

ಇನ್ನು ಆಸ್ಪತ್ರೆ ವಿಷಯ. ಅಮೆರಿಕದ ಫಂಡ್‌ನಿಂದ ಹರಕೆರೆಗೆ ನೇರ ಚೆಕ್ ಹೋಗುವುದು ಕಷ್ಟ. ಹೊರದೇಶದ ಸಂಸ್ಥೆಗೆ ಕೊಡಬೇಕಾದರೆ ಅದು ಅಮೆರಿಕದ ಚಾರಿಟಿಗೆ ಸಮ ಅಂತ ಕಾಗದಪತ್ರ ತೋರಿಸಬೇಕು, ಇಲ್ಲವೇ ಖರ್ಚಿನ ಪ್ರತಿ ಲೆಕ್ಕ ಕೇಳುತ್ತಾ ಕೂರಬೇಕು. ಬಹಳ ಫಂಡ್‌ಗಳು ಆ ತಲೆನೋವೇ ಬೇಡ ಅನ್ನುತ್ತವೆ. ನಿಮ್ಮ ಅದೃಷ್ಟಕ್ಕೆ ಈ ಆಸ್ಪತ್ರೆಗಳಿಗಾಗಿಯೇ ನಿಮ್ಮ ಬೇ ಏರಿಯಾದಲ್ಲೇ 1998ರಲ್ಲಿ ಶುರುವಾದ ಶಂಕರ ಐ ಫೌಂಡೇಷನ್ ಯು.ಎಸ್.ಎ. ಇದೆ. ಅದು ಅಮೆರಿಕದ ಚಾರಿಟಿ, ಫಂಡ್‌ನಿಂದ ಅದಕ್ಕೆ ಕೊಡುವುದು ಸುಲಭ. ಇಂಥ ಸಂಸ್ಥೆಗೆ 9 ಅಂಕಿಯ ಒಂದು ನಂಬರ್ ಇರುತ್ತದೆ, ಇ.ಐ.ಎನ್. ಅಂತಾರೆ. ಫಂಡ್‌ನ ಸೈಟಿನಲ್ಲಿ ಹೆಸರು ಹುಡುಕುವುದಕ್ಕಿಂತ ಆ ನಂಬರ್ ಹಾಕಿ. ಹೆಸರು ಹತ್ತಿರ ಹತ್ತಿರ ಇರುವ ಸಂಸ್ಥೆಗಳು ಬೇಕಾದಷ್ಟಿವೆ. ಜೊತೆಗೆ ‘ಅಪ್ಪನ ನೆನಪಿಗೆ, ಶಿವಮೊಗ್ಗದ ಆಸ್ಪತ್ರೆಗೆ’ ಎಂದು ಬರೆಯಲು ಜಾಗ ಇರುತ್ತದೆ. ಬರೆಯಿರಿ. ಅವರು ನಡೆಸಿಕೊಡುತ್ತಾರೆ ಅಂತ ಭರವಸೆ ಇಡಬಹುದು, ಕಾನೂನಿನ ಪ್ರಕಾರ ಕಟ್ಟಿಹಾಕಲು ಆಗುವುದಿಲ್ಲ. ಮುಂಚೆಯೇ ಒಂದು ಇಮೇಲ್ ಹಾಕಿ ಕೇಳಿದರೆ ಚೆನ್ನ.

ಕೊಡುವ ಮೊದಲು ಅವರ ಕೆಲಸದ ರೀತಿಯನ್ನೂ ತಿಳಿದುಕೊಳ್ಳಿ. ಶಂಕರದವರದು 80:20 ಲೆಕ್ಕ. 20 ಭಾಗ ರೋಗಿಗಳು ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತಾರೆ, 80 ಭಾಗಕ್ಕೆ ಉಚಿತ. ಹಳ್ಳಿಗೆ ಹೋಗಿ ಕಣ್ಣು ನೋಡಿ, ಪೊರೆ ಇದ್ದವರನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದು, ಆಪರೇಷನ್ ಮಾಡಿ, ಊಟ ಹಾಕಿ, ಊರಿಗೆ ಬಿಟ್ಟು ಬರುತ್ತಾರೆ. ಹಳ್ಳಿಯ ಅಜ್ಜ ಅಜ್ಜಿಯರು ಆಪರೇಷನ್ ಮುಂದೂಡುವುದು ಹೆದರಿಕೆಯಿಂದ ಮಾತ್ರ ಅಲ್ಲ. ಕರೆದುಕೊಂಡು ಹೋಗುವವರು ಇರುವುದಿಲ್ಲ, ಮಗ ಒಂದು ದಿನದ ಕೂಲಿ ಬಿಡಬೇಕು. ಆದ್ದರಿಂದ ನನಗೆ ಆ ಬಸ್ಸು ಆಪರೇಷನ್ನಿನಷ್ಟೇ ಮುಖ್ಯ ಅನ್ನಿಸುತ್ತದೆ.

ಈಗ ಮೊದಲು ಹೇಳಿದ ಎರಡು ಹೆಜ್ಜೆಯ ಮಾತು. ಖಾಸಗಿ ಫೌಂಡೇಷನ್ ಇಟ್ಟುಕೊಂಡ ಶ್ರೀಮಂತರು ವರ್ಷಕ್ಕೆ ಸುಮಾರು ಶೇ. 5ರಷ್ಟನ್ನು ಕೊಡಲೇಬೇಕು ಎಂಬ ಕಾನೂನಿದೆ. ಡ್ಯಾಫ್ ಖಾತೆಗೆ ಅಂಥದ್ದು ಯಾವುದೂ ಇಲ್ಲ. ಡಿಡಕ್ಷನ್ ತೆಗೆದುಕೊಂಡು, ಖಾತೆಯಲ್ಲಿ ದುಡ್ಡು ಬೆಳೆಯುವುದನ್ನು ನೋಡುತ್ತಾ ಹತ್ತು ವರ್ಷ ಸುಮ್ನೆ ಇದ್ದುಬಿಟ್ಟರೂ ಯಾರೂ ಕೇಳುವುದಿಲ್ಲ. ನನಗೆ ಇದು ಸರಿ ಕಾಣುವುದಿಲ್ಲ. ನನ್ನ ಹತ್ತಿರ ಬರುತ್ತಿದ್ದವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇರಲಿಲ್ಲ. ಕೊಟ್ಟಾಯಿತಲ್ಲ ಎಂಬ ಸಮಾಧಾನವೇ ಅವರನ್ನು ಕೂರಿಸಿಬಿಡುತ್ತಿತ್ತು. ‘ಈ ವರ್ಷ ಎಲ್ಲಿಗೆ ಕಳಿಸಿದಿರಿ?’ ಅಂದರೆ, ‘ಅಯ್ಯೋ, ನೋಡಬೇಕು’ ಅನ್ನೋರು. ಪೊರೆ ಬಂದ ಕಣ್ಣು ನೀವು ನೋಡುವ ತನಕ ಕಾಯಬೇಕಾ?

ಹಾಗಾಗಿ ಖಾತೆ ತೆಗೆದ ದಿನವೇ ಕೊಡುವ ದಿನವನ್ನೂ ಗೊತ್ತು ಮಾಡಿ. ಅಪ್ಪನ ತಿಥಿ ಹತ್ತಿರದ ಒಂದು ತಾರೀಖು ಇಟ್ಟುಕೊಳ್ಳಬಹುದು. ವರ್ಷಾ ವರ್ಷ ತಾನೇ ಹೋಗುವ ಹಾಗೆ ಅಲ್ಲೇ ವ್ಯವಸ್ಥೆ ಇರುತ್ತದೆ. ವರ್ಷಕ್ಕೆ 12,000ದಂತೆ 5 ವರ್ಷಕ್ಕೆ ಮುಗಿಸಿ. ಮಕ್ಕಳು ದೊಡ್ಡವರಾಗಿದ್ದರೆ ನಿಮ್ಮ ನಂತರ ಸಲಹೆ ಮಾಡುವ ಹಕ್ಕನ್ನು ಅವರಿಗೆ ಬರೆದಿಡಬಹುದು, ಆದರೆ ಉಳಿಸಿಡಲೇಬೇಕು ಅಂತೇನಿಲ್ಲ.

ಷೇರು ವರ್ಗಾವಣೆಯನ್ನು ನವೆಂಬರ್‌ನಲ್ಲೇ ಶುರು ಮಾಡಿ. ಡಿಸೆಂಬರ್ 31ರೊಳಗೆ ಅದು ಫಂಡ್ ಸೇರಿರಬೇಕು. ಕೊನೆ ವಾರದಲ್ಲಿ ಎಲ್ಲರೂ ನಿಮ್ಮ ಹಾಗೇ ಓಡಿಬರುತ್ತಾರೆ. ರಸೀತಿ ಕೊಡುವುದು ಫಂಡ್. ಆಮೇಲೆ ಆಸ್ಪತ್ರೆಯವರಿಂದ ಧನ್ಯವಾದದ ಪತ್ರ ಬಂದರೆ ಅದನ್ನೂ ರಿಟರ್ನ್‌ಗೆ ಸೇರಿಸಲು ಹೋಗಬೇಡಿ. ಒಂದು ದಾನಕ್ಕೆ ಎರಡು ಸಲ ಡಿಡಕ್ಷನ್ ಇಲ್ಲ.

ನಮಸ್ಕಾರ. ಹಾಸನದಲ್ಲಿರುವ ನನ್ನ ಅಣ್ಣನ ಮಗನಿಗೆ ಕಿಡ್ನಿ ತೊಂದರೆ. ಖರ್ಚು ತುಂಬಾ ಇದೆ. ನನ್ನ ಡ್ಯಾಫ್‌ನಲ್ಲಿ 8,000 ಡಾಲರ್ ಇದೆ. ಅವನ ಆಸ್ಪತ್ರೆ ಬಿಲ್ ಅದರಿಂದ ಕಟ್ಟಬಹುದಾ?
— ಓದುಗ, ಡಲ್ಲಾಸ್

ಆಗುವುದಿಲ್ಲ. ಬೇಜಾರಾಗುತ್ತದೆ, ಗೊತ್ತು. ಡ್ಯಾಫ್‌ನಿಂದ ಒಬ್ಬ ವ್ಯಕ್ತಿಗೆ ದುಡ್ಡು ಕೊಡುವಂತಿಲ್ಲ, ಅವನು ಎಷ್ಟೇ ಕಷ್ಟದಲ್ಲಿರಲಿ. ನಿಮ್ಮವನಾದರೆ ಇನ್ನೂ ಆಗುವುದಿಲ್ಲ. ಇಂಟರ್‌ನೆಟ್‌ನಲ್ಲಿ ಒಬ್ಬ ರೋಗಿಗಾಗಿ ಚಂದಾ ಎತ್ತುತ್ತಾರಲ್ಲ, ಅದಕ್ಕೂ ಇದೇ ಮಾತು. ‘ಚಾರಿಟಿಗೆ ಕೊಟ್ಟು, ಅವರಿಂದ ಹುಡುಗನಿಗೆ ಕೊಡಿಸಿದರೆ?’ ಅಂತ ಯೋಚಿಸುತ್ತಿದ್ದರೆ ಅದೂ ಬೇಡ.

ನಿಮ್ಮ ಜೇಬಿನಿಂದ ಕಳಿಸಿ. ಡಿಡಕ್ಷನ್ ಸಿಗುವುದಿಲ್ಲ, ಆದರೆ ತೊಡಕೂ ಇಲ್ಲ. ಭಾರತದ ತೆರಿಗೆ ಕಾನೂನಿನಲ್ಲಿ ಚಿಕ್ಕಪ್ಪ ಕೊಟ್ಟ ಉಡುಗೊರೆಗೆ ಅಣ್ಣನ ಮಗ ತೆರಿಗೆ ಕಟ್ಟಬೇಕಿಲ್ಲ. ಅಮೆರಿಕದಲ್ಲಿ ಒಬ್ಬರಿಗೆ ವರ್ಷಕ್ಕೆ 19,000 ಡಾಲರ್‌ವರೆಗೆ (2025ರ ಮಿತಿ) ಕೊಟ್ಟರೆ ಗಿಫ್ಟ್ ರಿಟರ್ನ್, ಅಂದರೆ ಉಡುಗೊರೆ ಲೆಕ್ಕದ ಫಾರಂ ಕೂಡ ಬೇಡ. ಅದಕ್ಕಿಂತ ಜಾಸ್ತಿ ಆಗುವ ಹಾಗಿದ್ದರೆ ಹುಡುಗನ ಖಾತೆಗೆ ಹಾಕಬೇಡಿ, ಆಸ್ಪತ್ರೆಗೇ ನೇರವಾಗಿ ಕಟ್ಟಿ. ಚಿಕಿತ್ಸೆಗೆ ನೇರ ಕಟ್ಟಿದ್ದು ಆ ಮಿತಿಯ ಲೆಕ್ಕಕ್ಕೇ ಬರುವುದಿಲ್ಲ. ಅಣ್ಣನ ಮನೆಯಲ್ಲಿ ಬಿ.ಪಿ.ಎಲ್. ಕಾರ್ಡ್ ಇದೆಯಾ ಕೇಳಿದ್ದೀರಾ? ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ನೆರವು ಇದೆ. ಡಾಲರ್ ಕಳಿಸುವ ಮುಂಚೆ ಆ ಕಾರ್ಡ್ ತೆಗೆದುಕೊಂಡು ಸರ್ಕಾರಿ ಆಸ್ಪತ್ರೆಗೆ ಒಮ್ಮೆ ಹೋಗಿ ಬರಲಿ.

ಇಲ್ಲಿ ಕನ್ನಡದವರೆಲ್ಲ ಸೇರಿ ಕ್ಯಾನ್ಸರ್ ಮಕ್ಕಳಿಗಾಗಿ ಊಟದ ಕಾರ್ಯಕ್ರಮ ಇಟ್ಟಿದ್ದೇವೆ. ಟಿಕೆಟ್ 250 ಡಾಲರ್. ಊಟದ ಖರ್ಚು 100, ಉಳಿದ 150 ದಾನ. ಆ 150 ಮಾತ್ರ ಡ್ಯಾಫ್‌ನಿಂದ ಕೊಟ್ಟರೆ ಸರಿ ತಾನೇ?
— ಓದುಗರೊಬ್ಬರು, ಶಿಕಾಗೊ

ಕೇಳಲು ಸರಿ ಅನ್ನಿಸುತ್ತದೆ, ಆದರೆ ಅಮೆರಿಕದ ತೆರಿಗೆ ಇಲಾಖೆ ಐ.ಆರ್.ಎಸ್. ಒಪ್ಪುವುದಿಲ್ಲ. ಟಿಕೆಟ್ಟನ್ನು ಹೀಗೆ ಎರಡು ಭಾಗ ಮಾಡುವ ಬಗ್ಗೆ 2017ರಲ್ಲೇ ತನ್ನ ನಿಲುವು ಹೇಳಿದೆ. 150 ಕಟ್ಟದಿದ್ದರೆ ನಿಮ್ಮನ್ನು ಊಟಕ್ಕೆ ಕೂರಿಸುತ್ತಾರಾ? ಇಲ್ಲ ಅಲ್ವಾ? ಹಾಗಾದರೆ ಅದರಿಂದಲೂ ನಿಮಗೆ ಲಾಭ ಆಯಿತು ಅನ್ನುವುದು ಅವರ ವಾದ. ಹೀಗೆ ಪಡೆದ ಲಾಭಕ್ಕೆ ಅದರ ಶೇ. 125ರಷ್ಟು ದಂಡದ ತೆರಿಗೆ ಇದೆ. ಕ್ರೆಡಿಟ್ ಕಾರ್ಡಿನಲ್ಲಿ 250 ಕಟ್ಟಿ, ಐಟಮೈಸ್ ಮಾಡುವವರಾದರೆ (ಅಂದರೆ ಖರ್ಚುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ಡಿಡಕ್ಷನ್ ಕೇಳುವವರಾದರೆ) 150ಕ್ಕೆ ಡಿಡಕ್ಷನ್ ತೆಗೆದುಕೊಳ್ಳಿ. ಬಿಸಿಬೇಳೆಬಾತ್‌ಗೆ ಇಷ್ಟು ತಲೆಕೆಡಿಸಿಕೊಳ್ಳಬೇಡಿ.

ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು. ವರ್ಷಕ್ಕೆ ಸುಮಾರು 1,000 ಡಾಲರ್ ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್‌ಗೆ ಕೊಡುತ್ತೇನೆ. ಡ್ಯಾಫ್ ತೆಗೆಯಲೇ, ಆಂಟಿ?
— ಓದುಗಳು, ರಾಲಿ, ನಾರ್ತ್ ಕ್ಯಾರೊಲೈನಾ

ಬೇಡಮ್ಮ. ಪಟ್ಟಿ ಮಾಡದೆಯೇ ಎಲ್ಲರಿಗೂ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ನೇ ಮದುವೆಯಾಗದವರಿಗೆ 2025ರಲ್ಲಿ 15,750 ಇತ್ತು. ನಿನಗೆ ಸ್ವಂತ ಮನೆ ಸಾಲ ಇಲ್ಲದಿದ್ದರೆ ಅದನ್ನು ದಾಟುವುದು ಕಷ್ಟ. ಅಂದರೆ 2025ರಲ್ಲಿ ದಾನಕ್ಕೆ ಬೇರೆಯಾಗಿ ಏನೂ ಸಿಗುತ್ತಿರಲಿಲ್ಲ, ಡ್ಯಾಫ್ ಇದ್ದರೂ ಅಷ್ಟೇ. ಮೇಲಿಂದ ಶುಲ್ಕ. ಫಿಡೆಲಿಟಿಯಲ್ಲಿ ವರ್ಷಕ್ಕೆ ಶೇ. 0.60 ಅಥವಾ 100 ಡಾಲರ್, ಯಾವುದು ಜಾಸ್ತಿಯೋ ಅದು. ದೊಡ್ಡ ಖಾತೆಗೆ ಅದು ಲೆಕ್ಕಕ್ಕಿಲ್ಲ. ನಿನ್ನ 1,000ದಲ್ಲಿ ಹತ್ತರಲ್ಲೊಂದು ಪಾಲು!

2026ರಿಂದ ನಿನ್ನಂಥವರಿಗೆ ಒಂದು ಅನುಕೂಲ ಇದೆ. ಐಟಮೈಸ್ ಮಾಡದವರೂ 1,000 ಡಾಲರ್‌ವರೆಗಿನ ನಗದು ದಾನಕ್ಕೆ ಡಿಡಕ್ಷನ್ ತೆಗೆದುಕೊಳ್ಳಬಹುದು, ಗಂಡ ಹೆಂಡತಿಗೆ 2,000. ಚಾರಿಟಿಗೆ ನೇರ ಕೊಟ್ಟರೆ ಮಾತ್ರ. ಡ್ಯಾಫ್‌ಗೆ ಹಾಕಿದ್ದು ಇದಕ್ಕೆ ಸೇರುವುದಿಲ್ಲ. ತಿಂಗಳಿಗೆ ಇಷ್ಟು ಅಂತ ನಿನ್ನ ಬ್ಯಾಂಕಿನಿಂದಲೇ ಹೋಗಲಿ. ಯುದ್ಧ, ಕಾಲರಾ ಇರುವ ಕಡೆ ಕೆಲಸ ಮಾಡುವವರಿಗೆ ಡಿಸೆಂಬರಿನ ದೊಡ್ಡ ಚೆಕ್ಕಿಗಿಂತ ತಿಂಗಳಾ ತಿಂಗಳಾ ಬರುವ ದುಡ್ಡು ಹೆಚ್ಚು ಉಪಯೋಗ.

ನನಗೆ 74. ಐ.ಆರ್.ಎ. ಎಂಬ ನಿವೃತ್ತಿ ಉಳಿತಾಯ ಖಾತೆಯಿಂದ ವರ್ಷಕ್ಕೆ ಇಷ್ಟು ತೆಗೆಯಲೇಬೇಕು ಅನ್ನುತ್ತಾರೆ. ನನಗೆ ಆ ದುಡ್ಡು ಬೇಡ. ಡ್ಯಾಫ್‌ಗೆ ಹಾಕಿ ಆಸ್ಪತ್ರೆಗಳಿಗೆ ಕೊಡಲೇ?
— ಹಿರಿಯ ಓದುಗರು, ಎಡಿಸನ್, ನ್ಯೂಜೆರ್ಸಿ

ಡ್ಯಾಫ್ ಬೇಡ, ಸಾರ್. ನಿಮಗೆ ಅದಕ್ಕಿಂತ ಒಳ್ಳೆಯ ದಾರಿ ಇದೆ. 70½ ದಾಟಿದವರು ಐ.ಆರ್.ಎ.ಯಿಂದ ನೇರವಾಗಿ ಚಾರಿಟಿಗೆ ಕಳಿಸಬಹುದು, 2025ರಲ್ಲಿ ಇದರ ಮಿತಿ 1,08,000 ಡಾಲರ್ ಇತ್ತು. ಅದು ನಿಮ್ಮ ಆದಾಯಕ್ಕೇ ಸೇರುವುದಿಲ್ಲ, ಕಡ್ಡಾಯವಾಗಿ ತೆಗೆಯಬೇಕಾದ ಮೊತ್ತವೂ ಅಷ್ಟಕ್ಕೆ ತೀರುತ್ತದೆ. ಈ ಸೌಲಭ್ಯ ಡ್ಯಾಫ್‌ಗೆ ಕಳಿಸಿದರೆ ಇಲ್ಲ. ದುಡ್ಡು ನಿಮ್ಮ ಬ್ಯಾಂಕಿಗೆ ಬಂದು ಹೋಗಬಾರದು. ಐ.ಆರ್.ಎ. ಇರುವ ಕಡೆಯಿಂದಲೇ ಚಾರಿಟಿ ಹೆಸರಿಗೆ ಚೆಕ್ ಬರೆಸಿ.

ಮೇಡಂ, ನಮ್ಮೂರಿನ ಸಣ್ಣ ಟ್ರಸ್ಟ್ ಒಂದು ಆಂಬುಲೆನ್ಸ್ ಓಡಿಸುತ್ತದೆ, ತಿಂಗಳಿಗೊಮ್ಮೆ ಬಿ.ಪಿ., ಶುಗರ್ ತಪಾಸಣೆ ಮಾಡಿಸುತ್ತದೆ. ಅಮೆರಿಕದಲ್ಲಿರುವ ನನ್ನ ಮಗ, ಅವನ ಸ್ನೇಹಿತರು ತಮ್ಮ ಡ್ಯಾಫ್‌ನಿಂದ ಕೊಡುತ್ತೇವೆ ಅನ್ನುತ್ತಾರೆ. ನಾವು ಬ್ಯಾಂಕ್ ಖಾತೆ ನಂಬರ್ ಕೊಟ್ಟರೆ ಸಾಕಾ?
— ಟ್ರಸ್ಟ್ ಕಾರ್ಯದರ್ಶಿ, ತುಮಕೂರು ಜಿಲ್ಲೆ

ಸಾಲದು, ದಯವಿಟ್ಟು ಕೊಡಬೇಡಿ. ಡ್ಯಾಫ್ ನಡೆಸುವುದು ಅಮೆರಿಕದ ಸಂಸ್ಥೆ. ಒಳಗಿನ ದುಡ್ಡು ಹಾಕಿದ್ದು ನಿಮ್ಮ ಮಗನೇ ಆದರೂ ಈಗ ಅದು ವಿದೇಶಿ ಸಂಸ್ಥೆಯ ದುಡ್ಡು. ಅದನ್ನು ತೆಗೆದುಕೊಳ್ಳಲು ನಿಮ್ಮ ಟ್ರಸ್ಟ್‌ಗೆ ಎಫ್.ಸಿ.ಆರ್.ಎ. (ವಿದೇಶಿ ದೇಣಿಗೆ ನಿಯಂತ್ರಿಸುವ ಭಾರತದ ಕಾನೂನು) ನೋಂದಣಿ ಬೇಕು, ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ನೋಂದಣಿ ಕೇಳಲು ಸಾಮಾನ್ಯವಾಗಿ ಟ್ರಸ್ಟ್‌ಗೆ 3 ವರ್ಷ ಆಗಿರಬೇಕು, ಆ 3 ವರ್ಷದಲ್ಲಿ ಸೇವೆಗೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ‘ನೋಂದಣಿ ಇರುವ ದೊಡ್ಡ ಟ್ರಸ್ಟ್ ತೆಗೆದುಕೊಂಡು ನಮಗೆ ಕೊಡಲಿ’ ಎಂದು ಯಾರಾದರೂ ಹೇಳುತ್ತಾರೆ. 2020ರ ತಿದ್ದುಪಡಿ ಆದ ಮೇಲೆ ಅದೂ ನಿಂತಿದೆ. ವಿದೇಶಿ ದೇಣಿಗೆ ಪಡೆದವರು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ.

ಒಂದು ಸರಳ ದಾರಿ ಇದೆ. ಭಾರತದ ಪೌರತ್ವ ಉಳಿಸಿಕೊಂಡಿರುವವರು ಅಮೆರಿಕದಲ್ಲಿದ್ದರೂ, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದಲ್ಲಿ ಅವರಿಗೆ ಅದಕ್ಕೆ ಡಿಡಕ್ಷನ್ ಇಲ್ಲ, ಆದರೆ ಆಂಬುಲೆನ್ಸ್‌ಗೆ ಡೀಸೆಲ್ ಬರುತ್ತದೆ. ಇಲ್ಲಿ ಬಾಡಿಗೆ ಆದಾಯ ಇದ್ದು ರಿಟರ್ನ್ ಹಾಕುವವರಾದರೆ, ನಿಮ್ಮ ಟ್ರಸ್ಟ್‌ಗೆ ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ (80ಜಿ ಅಂತಾರೆ) ಇದ್ದರೆ, ಅವರು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ, ಇಲ್ಲಿನ ವಿನಾಯಿತಿ ಕೇಳಬಹುದು. ನೀವು ಅವರಿಗೆ ದಾನದ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಗ್ರೀನ್ ಕಾರ್ಡ್ ಇದ್ದರೆ ತೊಂದರೆಯಿಲ್ಲ. ಅಮೆರಿಕದ ಪ್ರಜೆಯಾಗಿ ಓ.ಸಿ.ಐ. (ಸಾಗರೋತ್ತರ ಭಾರತೀಯರ ಕಾರ್ಡ್) ಮಾಡಿಸಿಕೊಂಡವರಿಂದ ಮಾತ್ರ ತೆಗೆದುಕೊಳ್ಳುವ ಹಾಗಿಲ್ಲ. ಆದ್ದರಿಂದ ಖಾತೆ ನಂಬರ್ ಕಳಿಸುವ ಮೊದಲು ಮಗನಿಗೆ ಫೋನ್ ಮಾಡಿ, ಅವನ ಸ್ನೇಹಿತರಲ್ಲಿ ಯಾರ ಹತ್ತಿರ ಯಾವ ಪಾಸ್‌ಪೋರ್ಟ್ ಇದೆ ಎಂದು ಪಟ್ಟಿ ತರಿಸಿಕೊಳ್ಳಿ.